ಎರಡು ಟನ್ನಿನ ಗಾಡಿ

ಪಿಕಪ್ ಗಾಡಿ ಕೊಳ್ಳಲು ಹೊರಟವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ, ಯಾವುದು ಒಳ್ಳೇದು? ಬೊಲೆರೊ ತಗೊಳ್ಳೋದಾ, ದೋಸ್ತ್ ತಗೊಳ್ಳೋದಾ? ಇಂಟ್ರಾ ಹೇಗೆ, ಯೋಧಾ ಹೇಗೆ? ಕೋಲಾರದ ಎಪಿಎಂಸಿಯಲ್ಲಿ ಹರಾಜು ಮುಗಿದು ಖಾಲಿ ಬಾಕ್ಸು ಕೈಗೆ ಬರುವ ತನಕ ಗಾಡಿಗಳ ನೆರಳಲ್ಲಿ ಕೂತ ಡ್ರೈವರುಗಳ ನಡುವೆ ಈ ವಾದ ವರ್ಷವಿಡೀ ನಡೆದೇ ಇರುತ್ತದೆ. ನಾನು ಅದನ್ನು ಬಹಳ ಕೇಳಿದ್ದೇನೆ, ನಾನೂ ಬಾಯಿ ಹಾಕಿದ್ದೇನೆ. ಈಗ ಹಿಂತಿರುಗಿ ನೋಡಿದರೆ, ನಾನು ಕೆಟ್ಟದ್ದೇ ಆ ಪ್ರಶ್ನೆಯನ್ನು ಹಿಡಿದು ಹೋದದ್ದರಿಂದ. ಗಾಡಿಗೂ ಗಾಡಿಗೂ ಹೋಲಿಸಿದೆ. ಗಾಡಿಗೂ ನಮ್ಮ ಹೊರೆಗೂ, ಗಾಡಿಗೂ ನಮ್ಮ ದಾರಿಗೂ ಹೋಲಿಸಿ ನೋಡಲೇ ಇಲ್ಲ.

ಕೊಂಡ ಗಾಡಿ ಯಾವ ಕಂಪನಿಯದು ಎಂದು ಇಲ್ಲಿ ಬರೆಯುವುದಿಲ್ಲ. ಅದು ಒಳ್ಳೆಯ ಗಾಡಿ. ಇವತ್ತೂ ಯಾರದೋ ಕೈಯಲ್ಲಿ ಚೆನ್ನಾಗಿ ದುಡಿಯುತ್ತಿದೆ. ಅದಕ್ಕೆ ಕೆಟ್ಟ ಹೆಸರು ತರುವುದು ನ್ಯಾಯವಲ್ಲ.

ನಮ್ಮದು ಕೋಲಾರ ತಾಲ್ಲೂಕಿನಲ್ಲಿ, ಮುಳಬಾಗಿಲಿನ ಕಡೆ ಹೋಗುವ ಹೆದ್ದಾರಿಯಿಂದ ಒಳಕ್ಕೆ ಸರಿದ ಒಂದು ಹಳ್ಳಿ. ನಾನೂ ನನ್ನ ತಮ್ಮನೂ ಒಟ್ಟಿಗೆ ಬೇಸಾಯ. ಟೊಮೆಟೊ ಮುಖ್ಯ, ಜೊತೆಗೆ ಸ್ವಲ್ಪ ಹಿಪ್ಪುನೇರಳೆ, ಹಸುಗಳು. 2023ರ ಜುಲೈಯನ್ನು ನಮ್ಮ ಜಿಲ್ಲೆಯವರು ಯಾರೂ ಮರೆಯಲಾರರು. ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸು ₹2,000 ದಾಟಿತು. ತೋಟಕ್ಕೆ ರಾತ್ರಿ ಕಾವಲು ಹಾಕಿದ ಕಾಲ ಅದು. ನಮ್ಮ ಬೆಳೆ ಸರಿಯಾಗಿ ಆಗಲೇ ಕೊಯ್ಲಿಗೆ ಬಂದಿತ್ತು. ಜೀವಮಾನದಲ್ಲಿ ಒಟ್ಟಿಗೆ ಕಾಣದಷ್ಟು ಹಣ ಕೈಗೆ ಬಂತು.

ಆ ತನಕ ನಾವು ಬಾಡಿಗೆ ಗಾಡಿಯನ್ನೇ ನಂಬಿದವರು. ಬಾಕ್ಸಿಗೆ ಇಷ್ಟು ಎಂದು ಬಾಡಿಗೆ. ಬೆಲೆ ಇಲ್ಲದ ದಿನ ಕರೆದರೆ ಓಡಿ ಬರುತ್ತಾರೆ, ಬೆಲೆ ಏರಿದ ದಿನ ಎಲ್ಲರದೂ ಒಟ್ಟಿಗೆ ಕೊಯ್ಲು, ಗಾಡಿ ಸಿಗುವುದಿಲ್ಲ. ಹಣ್ಣು ಕಿತ್ತು ಬಾಕ್ಸಿಗೆ ತುಂಬಿ ದಾರಿ ಕಾಯುತ್ತಾ ಕೂತ ಸಂಜೆಗಳು ನನ್ನ ಹೊಟ್ಟೆ ಉರಿಸಿದ್ದವು. ಹೊತ್ತಿಗೆ ಸರಿಯಾಗಿ ಹರಾಜಿಗೆ ಮುಟ್ಟದಿದ್ದರೆ ಬೆಲೆ ಕೈತಪ್ಪುತ್ತದೆ. ನಮ್ಮದೇ ಗಾಡಿ ಇರಬೇಕು ಅನ್ನುವ ಆಸೆ ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ.

ಗಾಡಿ ಆರಿಸುವುದಕ್ಕೆ ನಾನು ಬಹಳ ಶ್ರಮಪಟ್ಟೆ. ಮಗಳ ಹಳೆಯ ಲೆಕ್ಕದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮನೆಗಳನ್ನು ಮಾಡಿಕೊಂಡೆ. ಎಂಜಿನ್ ಎಷ್ಟು ಲೀಟರು, ಎಷ್ಟು ಎಚ್‌ಪಿ, ಎಷ್ಟು ಟನ್ ಹೊರುತ್ತದೆ, ಬಾಡಿ ಎಷ್ಟು ಅಡಿ ಉದ್ದ, ಲೀಟರಿಗೆ ಎಷ್ಟು ಕಿಲೋಮೀಟರ್, ಬೆಲೆ, ಮುಂಗಡ, ಕಂತು. ಷೋರೂಮುಗಳನ್ನು ಸುತ್ತಿದೆ, ಮಂಡಿಯಲ್ಲಿ ಡ್ರೈವರುಗಳನ್ನು ಮಾತಾಡಿಸಿದೆ.

ಆಯ್ಕೆಗೇನೂ ಬರವಿರಲಿಲ್ಲ. ನಾನು ಹುಡುಗನಾಗಿದ್ದಾಗ ತರಕಾರಿ ಹೊರೆ ಸಾಗುತ್ತಿದ್ದುದು ಬಸ್ಸಿನ ಮೇಲೆ, ಟ್ರ್ಯಾಕ್ಟರಿನಲ್ಲಿ, ಹೆಚ್ಚಿದ್ದರೆ ಲಾರಿಯಲ್ಲಿ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಹಳ್ಳಿಯ ರೈತನಿಗೂ ಮುಕ್ಕಾಲು ಟನ್ನಿನ ಒಂದು ಸ್ವಂತ ಗಾಡಿ ಎಟುಕುವಂತಾಯಿತು. ಎರಡೇ ಸಿಲಿಂಡರಿನ ಆ ಪುಟ್ಟ ಗಾಡಿ ಗ್ರಾಮೀಣ ವ್ಯಾಪಾರಕ್ಕೆ ಮಾಡಿದ ಉಪಕಾರ ದೊಡ್ಡದು. 2011ರಲ್ಲಿ ಅಶೋಕ್ ಲೇಲ್ಯಾಂಡಿನವರು ಜಪಾನಿನ ನಿಸ್ಸಾನ್ ಜೊತೆ ಸೇರಿ ದೋಸ್ತ್ ತಂದರು. ಮೂರು ಸಿಲಿಂಡರು, ಒಂದೂವರೆ ಲೀಟರಿನ ಎಂಜಿನ್, ಸುಮಾರು ಒಂದೂಕಾಲು ಟನ್. ಮಹೀಂದ್ರದ ಬೊಲೆರೊ ಪಿಕಪ್ ಅಷ್ಟರಲ್ಲಾಗಲೇ ಹಳ್ಳಿ ಹಳ್ಳಿಯಲ್ಲಿ ಬೇರು ಬಿಟ್ಟಿತ್ತು. ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, 1.3 ಟನ್ನಿನಿಂದ 1.7 ಟನ್ನಿನವರೆಗೆ ಬೇರೆ ಬೇರೆ ಮಾದರಿ, ಯಾವ ಊರಿನಲ್ಲಿ ನಿಂತರೂ ರಿಪೇರಿ ಗೊತ್ತಿರುವ ಮೆಕ್ಯಾನಿಕ್. 2017ರಲ್ಲಿ ಟಾಟಾ ಯೋಧಾ, 2019ರಲ್ಲಿ ಇಂಟ್ರಾ. ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವ ಇಸುಜು ಡಿ-ಮ್ಯಾಕ್ಸ್. ಆಮೇಲೆ ಪೈಪೋಟಿ ತೂಕದ ಕಡೆ ತಿರುಗಿತು. 2022ರಲ್ಲಿ ಯೋಧಾದ ಎರಡು ಟನ್ನಿನ ಮಾದರಿ ಬಂತು, 2023ರಲ್ಲಿ ಬೊಲೆರೊ ಮ್ಯಾಕ್ಸ್ ಸಾಲಿನಲ್ಲೂ ಎರಡು ಟನ್ನಿನದು ಬಂತು.

ಇವುಗಳ ನಡುವಿನ ನಿಜವಾದ ವ್ಯತ್ಯಾಸ ಕಾಗದದಲ್ಲಿ ಕಾಣುವುದಕ್ಕಿಂತ ಬೇರೆ ಕಡೆ ಇದೆ. ದೋಸ್ತಿನಂಥ ಗಾಡಿಯಲ್ಲಿ ಎಂಜಿನ್ ಸೀಟಿನ ಕೆಳಗೆ. ಹಾಗಾಗಿ ಗಾಡಿಯ ಒಟ್ಟು ಉದ್ದ ಕಡಿಮೆಯಿದ್ದರೂ ಹಿಂದೆ ಬಾಡಿಗೆ ಜಾಗ ಹೆಚ್ಚು, ಇಕ್ಕಟ್ಟಿನಲ್ಲಿ ತಿರುಗಿಸುವುದು ಸಲೀಸು, ಆದರೆ ಬೇಸಿಗೆಯಲ್ಲಿ ಡ್ರೈವರಿಗೆ ಶಾಖ ತಟ್ಟುತ್ತದೆ. ಬೊಲೆರೊ, ಯೋಧಾಗಳಿಗೆ ಮುಂದೆ ಮೂತಿ ಇದೆ. ಬಾನೆಟ್ ಎತ್ತಿದರೆ ಎಂಜಿನ್ ಕೈಗೆ ಸಿಗುತ್ತದೆ, ಆದರೆ ಅಷ್ಟೇ ಬಾಡಿಗೆ ಒಟ್ಟು ಉದ್ದ ಹೆಚ್ಚು. ಬಾಡಿಯ ಹಲಗೆ ನೆಲದಿಂದ ಎಷ್ಟು ಎತ್ತರ ಅನ್ನುವುದನ್ನು ಕೊಳ್ಳುವವರು ಯಾರೂ ಅಳೆಯುವುದಿಲ್ಲ. ಬಾಕ್ಸನ್ನು ಸೊಂಟದಿಂದ ಎದೆಯ ಮಟ್ಟಕ್ಕೆ ಎತ್ತುವ ಹೆಂಗಸಿಗೆ, ಹಮಾಲಿಗೆ, ಅರ್ಧ ಅಡಿಯ ವ್ಯತ್ಯಾಸ ಎಂದರೆ ಏನೆಂದು ದಿನದ ಕೊನೆಗೆ ಗೊತ್ತಾಗುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಮನೆ ಇರಲಿಲ್ಲ.

ನಾನು ಎರಡು ಟನ್ನಿನ ಗಾಡಿಗೆ ಮನಸ್ಸು ಮಾಡಿದೆ. ಲೆಕ್ಕ ಸರಳವಾಗಿತ್ತು. ಒಂದೂಕಾಲು ಟನ್ನಿನದಕ್ಕೂ ಎರಡು ಟನ್ನಿನದಕ್ಕೂ ಬೆಲೆಯಲ್ಲಿರುವ ಅಂತರ ತೂಕದಲ್ಲಿರುವ ಅಂತರದಷ್ಟಿಲ್ಲ. ಅದೇ ಡ್ರೈವರು, ಹೆಚ್ಚುಕಡಿಮೆ ಅದೇ ಡೀಸೆಲ್ಲು, ಹೊರೆ ಮಾತ್ರ ಒಂದೂವರೆ ಪಾಲು. ಷೋರೂಮಿನ ಹುಡುಗ ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟ. ಅವನು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ನಿಮ್ಮ ಲೋಡು ಎಷ್ಟಿರುತ್ತೆ?" ನಾನು, "ಸೀಸನ್ನಲ್ಲಿ ಎಷ್ಟಾದ್ರೂ ಇರುತ್ತಪ್ಪ" ಎಂದೆ.

ತಮ್ಮನಿಗೆ ಇದು ಒಪ್ಪಿಗೆಯಾಗಿರಲಿಲ್ಲ. ನಮ್ಮಿಬ್ಬರಲ್ಲಿ ಗಾಡಿ ಓಡಿಸುವವನು ಅವನು. ಅಡ್ವಾನ್ಸ್ ಕೊಡುವ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಕೇಳಿದ.

"ಅಣ್ಣಾ, ಕೊಯ್ಲು ಜೋರಿದ್ದ ದಿನವೂ ನಮಗೆ ಬೀಳೋದು ಅರವತ್ತು ಬಾಕ್ಸು. ಆಮೇಲೆ ಆರು ತಿಂಗಳು ಹುಲ್ಲು, ಗೊಬ್ಬರ, ರೇಷ್ಮೆ ಗೂಡು. ಇದಕ್ಕೆ ನೂರಿಪ್ಪತ್ತು ಬಾಕ್ಸಿನ ಗಾಡಿ ಯಾಕೆ?"

"ಉಳಿದ ಜಾಗಕ್ಕೆ ಊರವರ ಬಾಕ್ಸು ಹಾಕ್ಕೊಂಡು ಹೋಗೋದು. ಕಂತು ಅದರಲ್ಲೇ ಹುಟ್ಟುತ್ತೆ."

"ಕೆರೆ ದಾರೀಲಿ ಇಳಿಯುತ್ತಾ ಅದು?"

ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಮನೆಯ ಹಿರಿಯ ನಾನು, ಲೆಕ್ಕ ಹಾಕಿದವನು ನಾನು, ಇವನಿಗೇನು ಗೊತ್ತು ಎಂಬ ಭಾವ ನನ್ನಲ್ಲಿತ್ತು. ಅವನು ಮತ್ತೆ ಕೇಳಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ಆ ಹಣದಲ್ಲಿ ಅವನ ಬೆವರೂ ಇತ್ತು.

ಕೆರೆ ದಾರಿಯ ವಿಷಯ ಹೇಳಬೇಕು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ತಾಲ್ಲೂಕಿನ ಕೆರೆಗಳಿಗೆ ಬರತೊಡಗಿತು. ಆ ನೀರಿನ ಗುಣದ ಬಗ್ಗೆ ವಾದಗಳಿವೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಸಾವಿರ ಅಡಿ ಕೊರೆದರೂ ದೂಳೇ ಬರುತ್ತಿದ್ದ ಜಾಗದಲ್ಲಿ ಕೆರೆಯಲ್ಲಿ ನೀರು ನಿಂತಿತು ಅನ್ನುವುದು ನಮಗೆ ದೊಡ್ಡ ಮಾತು. ಆದರೆ ಕೆರೆ ತುಂಬಿದ ಮೇಲೆ ಏರಿಯ ಕೆಳಗಿನ ನಮ್ಮ ತೋಟದ ದಾರಿ ವರ್ಷದಲ್ಲಿ ಬಹುಪಾಲು ತೇವ. ಕೆಂಪು ಮಣ್ಣು ನೆನೆದರೆ ಮೇಲೆ ಗಟ್ಟಿ ಕಂಡರೂ ಅಡಿಯಲ್ಲಿ ಬೆಣ್ಣೆ. ಹಿಂದಿನ ಚಕ್ರಕ್ಕೆ ಮಾತ್ರ ಎಳೆತ ಇರುವ, ಹಿಂದೆ ಖಾಲಿ ಇರುವ ಉದ್ದನೆಯ ಗಾಡಿಗೆ ಅಲ್ಲಿ ಹಿಡಿತವೇ ಸಿಗುವುದಿಲ್ಲ. ಹೊರೆ ತುಂಬಿದಾಗ ಹಿಡಿತ ಸಿಗುತ್ತದೆ, ಆದರೆ ಭಾರಕ್ಕೆ ಚಕ್ರ ಹೂತುಕೊಳ್ಳುತ್ತದೆ. ತೋಟದ ಮೂಲೆಯಲ್ಲಿ ತಿರುಗಿಸುವುದಕ್ಕೆ ಅದಕ್ಕೆ ಜಾಗವೂ ಸಾಲದು. ತೋಟಕ್ಕೆ ಹೋಗಲಾಗದ ಗಾಡಿಯನ್ನು ಟಾರು ರಸ್ತೆಯಲ್ಲಿ ನಿಲ್ಲಿಸಿ, ಪಕ್ಕದ ಮನೆಯವರ ಟ್ರ್ಯಾಕ್ಟರಿನಲ್ಲಿ ಬಾಕ್ಸುಗಳನ್ನು ಅಲ್ಲಿಯವರೆಗೆ ತಂದು ಮತ್ತೆ ಇಳಿಸಿ ಏರಿಸುವುದು ನಮ್ಮ ಪದ್ಧತಿಯಾಯಿತು. ಸ್ವಂತ ಗಾಡಿ ಇಟ್ಟುಕೊಂಡು ಟ್ರ್ಯಾಕ್ಟರಿಗೆ ಬಾಡಿಗೆ ಕೊಟ್ಟೆವು.

ಅದಕ್ಕಿಂತ ನೋವಾದದ್ದು ಮಂಡಿಯಲ್ಲಿ. ನಮ್ಮ ಹಣ್ಣಿಗೆ ಒಳ್ಳೆಯ ಹೆಸರಿತ್ತು. ಸ್ವಂತ ಗಾಡಿ ಬಂದ ಮೇಲೆ ಹಿಂದಿನ ಸಾಲಿನ ಬಾಕ್ಸುಗಳಲ್ಲಿ ಹಣ್ಣು ಒಡೆದು ನೀರು ಸೋರುವುದು ಕಾಣಿಸತೊಡಗಿತು. ಬಾಕ್ಸಿನ ತೂತಿನಿಂದ ಕೆಂಪು ರಸ ಇಳಿದರೆ ಹರಾಜು ಕೂಗುವವನು ಕೈ ಹಾಕಿ ನೋಡುವುದೂ ಇಲ್ಲ, ಬೆಲೆ ಇಳಿಸುತ್ತಾನೆ. ಹಣ್ಣು ಹೆಚ್ಚು ಮಾಗಿದ ಮೇಲೆ ಕೀಳುತ್ತಿದ್ದೀರಾ ಎಂದು ಕೂಲಿಯ ಹೆಂಗಸರನ್ನು ಗದರಿದೆ. ಅವರದೇನೂ ತಪ್ಪಿರಲಿಲ್ಲ. ಕಾರಣವನ್ನು ಹೇಳಿದವರು ನಮ್ಮ ಗಾಡಿ ನೋಡುವ ಮೆಕ್ಯಾನಿಕ್. ಗಾಡಿಯ ಹಿಂಭಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ಸ್ಪ್ರಿಂಗ್ ಪಟ್ಟಿಗಳ ಕಟ್ಟನ್ನು ಬೆರಳಲ್ಲಿ ತಟ್ಟಿ ತೋರಿಸಿದರು.

"ಅಣ್ಣಾ, ಈ ಪಟ್ಟಿ ಎರಡು ಟನ್ನಿಗೆ ಮಾಡಿದ್ದು. ನೀವು ಒಂದು ಟನ್ ಹಾಕ್ತೀರಿ. ಇದು ಬಗ್ಗೋದೇ ಇಲ್ಲ. ಗುಂಡೀಲಿ ಬಿದ್ದ ಏಟು ನೇರ ಹಣ್ಣಿಗೆ ಹೋಗುತ್ತೆ. ಗಾಳೀನೂ ಫುಲ್ ಲೋಡಿನದೇ ಹಿಡಿಸಿದೀರಿ."

ಭಾರ ಹೊರುವ ಗಾಡಿಯ ಹಿಂದಿನ ಪಟ್ಟಿಗಳು ಗಡುಸಾಗಿರಲೇಬೇಕು, ಇಲ್ಲವಾದರೆ ಪೂರ್ತಿ ಹೊರೆಗೆ ಗಾಡಿ ಕೂತುಬಿಡುತ್ತದೆ. ಆದರೆ ಅವು ಬಗ್ಗಿ ಚಿಮ್ಮಿ ಕುಲುಕಾಟವನ್ನು ನುಂಗುವುದು ತಕ್ಕ ಭಾರ ಮೇಲಿದ್ದಾಗ ಮಾತ್ರ. ಅರ್ಧ ಹೊರೆಯಲ್ಲಿ ದೊಡ್ಡ ಗಾಡಿ ಚಿಕ್ಕ ಗಾಡಿಗಿಂತ ಹೆಚ್ಚು ಕುಟ್ಟುತ್ತದೆ. ಹಿಂದಿನ ಆಕ್ಸಲಿನಿಂದ ಆಚೆ ಬಾಡಿ ಎಷ್ಟು ಉದ್ದ ಚಾಚಿದೆಯೋ ಅಷ್ಟು ಆ ತುದಿಯ ಎಗರಾಟ ಜಾಸ್ತಿ. ಇಟ್ಟಿಗೆಗೆ, ಸಿಮೆಂಟಿಗೆ ಅದು ಲೆಕ್ಕಕ್ಕಿಲ್ಲ. ಟೊಮೆಟೊ ಸಾಗಿಸುವವನಿಗೆ ಅದೇ ಬದುಕು. ಎರಡು ಟನ್ ಎಂದು ನೋಟ್‌ಬುಕ್ಕಿನಲ್ಲಿ ದಪ್ಪಗೆ ಗುಂಡು ಸುತ್ತಿದ್ದ ಅಂಕಿಯೇ ನಮ್ಮ ಹಣ್ಣನ್ನು ಒಡೆಯುತ್ತಿತ್ತು.

ಹಿಂದಿನ ಟೈರುಗಳ ಗಾಳಿಯನ್ನು ಹೊರೆಗೆ ತಕ್ಕಂತೆ, ಕಂಪನಿಯ ಪುಸ್ತಕದಲ್ಲಿದ್ದಷ್ಟಕ್ಕೆ ಇಳಿಸಿದೆವು. ಬಾಕ್ಸುಗಳನ್ನು ಕ್ಯಾಬಿನ್ನಿನ ಕಡೆಗೆ ಒತ್ತಿ ಜೋಡಿಸಿದೆವು. ಸ್ವಲ್ಪ ಸುಧಾರಿಸಿತು. ಆದರೆ ಅಷ್ಟರಲ್ಲಿ ಸೆಪ್ಟೆಂಬರ್ ಬಂದಿತ್ತು, ಟೊಮೆಟೊ ಬೆಲೆ ನೆಲಕಚ್ಚಿತ್ತು. ಕೀಳಿಸಿದ ಕೂಲಿ ಹುಟ್ಟದ ಬೆಲೆಗೆ ಎಷ್ಟು ಬಾಕ್ಸು ಹೊತ್ತರೂ ಅಷ್ಟೇ. ಕಂತು ಮಾತ್ರ ತಿಂಗಳ ತಾರೀಖಿಗೆ ಸರಿಯಾಗಿ ಬರುತ್ತಿತ್ತು.

ಬೆಲೆ ಇಲ್ಲದ ತಿಂಗಳುಗಳಲ್ಲಿ ಆ ಗಾಡಿಗೆ ಊರಿನಲ್ಲಿದ್ದ ಕೆಲಸ ಹುಲ್ಲು ತರುವುದು, ಹತ್ತಿರದ ಪೇಟೆಗೆ ಹೋಗಿ ಬರುವುದು. ಇದೂ ಅದಕ್ಕೆ ಆಗಿಬರಲಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಒಂದಷ್ಟು ಹೊತ್ತು ಒಂದೇ ಸಮನೆ ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಎರಡು ಮೈಲಿ ಹೋಗಿ ನಿಲ್ಲಿಸಿ, ಮತ್ತೆ ಎರಡು ಮೈಲಿ ಬಂದು ನಿಲ್ಲಿಸಿದರೆ ಮಸಿ ಕಟ್ಟಿಕೊಂಡು ಮೀಟರಿನಲ್ಲಿ ದೀಪ ಹತ್ತುತ್ತದೆ. ಹೆದ್ದಾರಿಯಲ್ಲಿ ಓಡುವುದಕ್ಕೆ ಮಾಡಿದ ಗಾಡಿಯನ್ನು ನಾವು ಹಿತ್ತಿಲ ಕೆಲಸಕ್ಕೆ ಇಟ್ಟಿದ್ದೆವು.

ಕಂತು ಹುಟ್ಟಿಸಲೇಬೇಕಿತ್ತು. ಮುಂದಿನ ಸೀಸನ್ನಿನಲ್ಲಿ ಊರವರ, ಪಕ್ಕದ ಊರವರ ಬಾಕ್ಸು ಸೇರಿಸಿಕೊಂಡು ಚೆನ್ನೈನ ಕೊಯಂಬೇಡಿಗೆ ಹೋಗುವ ಬಾಡಿಗೆ ಹಿಡಿದೆ. ಸಂಜೆ ಲೋಡು ಮಾಡಿದರೆ ಬೆಳಗಾಗುವ ಮುಂಚೆ ಅಲ್ಲಿರಬೇಕು. ಬಾಡಿಗೆ ಬಾಕ್ಸಿನ ಲೆಕ್ಕ. ಇನ್ನು ಹತ್ತು ಬಾಕ್ಸು ಹಾಕ್ಕೊಳಣ್ಣ ಎಂದು ರೈತ ಬೇಡಿದರೆ ಇಲ್ಲ ಅನ್ನುವುದು ಕಷ್ಟ, ನಮಗೂ ದುಡ್ಡು ಬೇಕು. ಬಾಡಿಯ ಮೇಲೆ ಕಬ್ಬಿಣದ ಆ್ಯಂಗಲ್ ಕಟ್ಟಿಸಿ ಎತ್ತರ ಮಾಡಿಸಿದೆ. ಪಟ್ಟಿಯ ಕಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಿದೆ. ಪಟ್ಟಿ ಸೇರಿಸಿದರೆ ಗಾಡಿ ಕೂರುವುದಿಲ್ಲ, ಕಣ್ಣಿಗೆ ಓವರ್‌ಲೋಡು ಕಾಣುವುದಿಲ್ಲ. ಆದರೆ ಬ್ರೇಕು ಅದೇ ಬ್ರೇಕು, ಆಕ್ಸಲು ಅದೇ ಆಕ್ಸಲು, ಟೈರು ಅದೇ ಟೈರು. ಭಾರ ಎಲ್ಲಿಗೂ ಹೋಗಿರುವುದಿಲ್ಲ.

ಪಲಮನೇರು ದಾಟಿದ ಮೇಲೆ ಚಿತ್ತೂರಿನ ಕಡೆ ಇಳಿಯುವ ಮೊಗಿಲಿ ಘಾಟನ್ನು ಆ ದಾರಿಯ ಡ್ರೈವರುಗಳೆಲ್ಲ ಬಲ್ಲರು. ನಮ್ಮ ಪ್ರಸ್ಥಭೂಮಿ ಅಲ್ಲಿ ಮುಗಿದು ರಸ್ತೆ ತಗ್ಗಿಗೆ ಇಳಿಯುತ್ತದೆ. ಆ ರಾತ್ರಿ ನಾನೂ ಗಾಡಿಯಲ್ಲಿದ್ದೆ, ತಮ್ಮ ಸ್ಟೇರಿಂಗಿನಲ್ಲಿದ್ದ. ಹಿಂದೆ ನೂರನಲವತ್ತು ಬಾಕ್ಸು. ಇಳಿಜಾರು ಶುರುವಾಗುವ ಮೊದಲೇ ಅವನು ಗೇರು ಇಳಿಸಿದ್ದ, ಎಂಜಿನ್ನಿನ ಬಿಗಿಯಲ್ಲೇ ಇಳಿಸುತ್ತಿದ್ದ. ಮುಂದೆ ಒಂದು ಲಾರಿ ನಿಧಾನವಾಯಿತು. ಬ್ರೇಕು ತುಳಿದ, ಬಿಟ್ಟ, ಮತ್ತೆ ತುಳಿದ. ಸ್ವಲ್ಪ ಹೊತ್ತಿಗೆ ರಬ್ಬರು, ಕಬ್ಬಿಣ ಒಟ್ಟಿಗೆ ಸುಟ್ಟಂಥ ಕಟು ವಾಸನೆ ಕ್ಯಾಬಿನ್ನಿಗೆ ಬಂತು. ತಮ್ಮ ಮಾತಾಡಲಿಲ್ಲ. ಅವನ ಕಾಲು ಪೆಡಲ್ಲನ್ನು ಮೊದಲಿಗಿಂತ ಆಳಕ್ಕೆ ಒತ್ತುತ್ತಿರುವುದು ನನಗೆ ಕಂಡಿತು. ಸೆಕೆಂಡಿಗೆ ಇಳಿಸಿದ, ಎಂಜಿನ್ ಅರಚಿತು, ಗಾಡಿ ತಡೆದು ತಡೆದು ನಡೆಯಿತು. ರಸ್ತೆಯ ಬದಿ ಅಗಲವಾದ ಒಂದು ಕಡೆ, ಹ್ಯಾಂಡ್‌ಬ್ರೇಕನ್ನೂ ಎಳೆದು ನಿಲ್ಲಿಸಿದ. ಚಕ್ರದ ಹತ್ತಿರ ಕೈ ಒಯ್ಯಲಾಗದಷ್ಟು ಶಾಖ. ಕ್ಲೀನರ್ ಹುಡುಗ ನೀರಿನ ಕ್ಯಾನು ತಂದ. ತಮ್ಮ ಅವನನ್ನು ತಡೆದ. ಕಾದ ಡ್ರಮ್ಮಿಗೆ ತಣ್ಣೀರು ಹೊಯ್ದರೆ ಸೀಳಿಬಿಡುತ್ತದೆ.

ಇಳಿಜಾರಿನಲ್ಲಿ ಗಾಡಿಯನ್ನು ತಡೆಯುವುದೆಂದರೆ ಅದರ ಭಾರ ಪಡೆಯುವ ವೇಗವನ್ನೆಲ್ಲ ಬ್ರೇಕಿನಲ್ಲಿ ಶಾಖವಾಗಿ ಕರಗಿಸುವುದು. ಭಾರ ಹೆಚ್ಚಿದಷ್ಟೂ ಶಾಖ ಹೆಚ್ಚು. ಲೈನಿಂಗು ಅತಿಯಾಗಿ ಕಾದರೆ ಹಿಡಿತ ಬಿಡುತ್ತದೆ, ಎಷ್ಟು ಒತ್ತಿದರೂ ಜಾರುತ್ತದೆ. ಅಂಥ ಸ್ಥಿತಿಗೂ ನಮಗೂ ನಡುವೆ ಆ ರಾತ್ರಿ ಇದ್ದದ್ದು ನನ್ನ ತಮ್ಮನ ಕೈ ಮಾತ್ರ. ಡ್ರಮ್ಮು ಆರುವ ತನಕ ಕಲ್ಲಿನ ಮೇಲೆ ಕೂತಿದ್ದಾಗ ಅವನು ಹೇಳಿದ: "ಅಣ್ಣಾ, ಇನ್ಮೇಲೆ ಬಾಕ್ಸು ಎಣಿಸಬೇಡ. ತೂಕ ಹಾಕಿಸು."

ಮುಂದಿನ ಬಾಡಿಗೆಗೆ ಹೊರಡುವ ಮುಂಚೆ ಅದೇ ಲೋಡಿನಲ್ಲಿ ವೇಬ್ರಿಡ್ಜಿಗೆ ಹೋದೆವು. ಗಾಡಿ ಕೊಂಡ ಮೊದಲ ದಿನ ಹಾಕಬೇಕಿದ್ದ ಲೆಕ್ಕವನ್ನು ಆಗ ಹಾಕಿದೆ. ಬಾಕ್ಸು 15 ಕೆ.ಜಿ. ಎಂದು ನಾವು ಹೇಳುವುದು ಹಣ್ಣಿನ ತೂಕ. ನಮ್ಮ ಪ್ಲಾಸ್ಟಿಕ್ ಬಾಕ್ಸೇ ಹತ್ತಿರ ಹತ್ತಿರ ಎರಡು ಕೆ.ಜಿ. ಇದೆ. ಹಾಗಾಗಿ ಬಾಕ್ಸು ಎಂದರೆ 17 ಕೆ.ಜಿ., ನೂರನಲವತ್ತಕ್ಕೆ 2,380. ಡ್ರೈವರು, ಕ್ಲೀನರು, ಅವರ ಚೀಲ ಸೇರಿ 140. ಆ್ಯಂಗಲ್, ಟಾರ್ಪಾಲು, ಹಗ್ಗ ಇನ್ನೊಂದು 120. ಎಲ್ಲಾ ಸೇರಿ 2,640 ಕೆ.ಜಿ. ಎರಡು ಟನ್ನಿನ ಮೇಲೆ ಆರುನೂರು ಕೆ.ಜಿ.ಗೂ ಹೆಚ್ಚು ಹೊತ್ತುಕೊಂಡು ನಾವು ಘಾಟು ಇಳಿದಿದ್ದೆವು. ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತದೆ, ಖಾಲಿ ಗಾಡಿಯದು ಒಂದು, ಹೊರೆ ಸೇರಿ ಮೀರಬಾರದ್ದು ಇನ್ನೊಂದು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಲಿ ತೂಕದಲ್ಲಿ ಡ್ರೈವರೂ ಸೇರಿಲ್ಲ, ಕ್ಲೀನರೂ ಸೇರಿಲ್ಲ. ಅವರಿಬ್ಬರೂ ಹೊರೆಯ ಪಾಲಿನಲ್ಲೇ ಬರುತ್ತಾರೆ. ಆಮೇಲೆ ಕಟ್ಟಿಸಿದ ಕಬ್ಬಿಣವೂ ಹಾಗೆಯೇ.

ಆಗ ಕಾನೂನನ್ನೂ ಕೂತು ಓದಿದೆ. 2019ರ ತಿದ್ದುಪಡಿಯ ನಂತರ ಕಾಯ್ದೆಯ 194ನೇ ಕಲಂ ಹೆಚ್ಚುವರಿ ಭಾರಕ್ಕೆ ಹೇಳುವ ದಂಡ ₹20,000, ಮೇಲಿನ ಒಂದೊಂದು ಟನ್ನಿಗೆ ಮತ್ತೆ ₹2,000, ಜೊತೆಗೆ ಇಳಿಸುವ ಖರ್ಚು. ಇನ್ನೊಂದು ಕಲಂ ನನಗೆ ಮೊದಲೇ ತಿಳಿದಿದ್ದರೆ ಬಹುಶಃ ಆಯ್ಕೆಯೇ ಬದಲಾಗುತ್ತಿತ್ತು. 66ನೇ ಕಲಮಿನ ಪ್ರಕಾರ ಹೊರೆ ಸೇರಿ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಒಂದೂಕಾಲು ಟನ್ ಹೊರುವ ಹಲವು ಪಿಕಪ್‌ಗಳು ಈ ಗೆರೆಯೊಳಗೇ ನಿಲ್ಲುತ್ತವೆ. ಎರಡು ಟನ್ನಿನದು ನಿಲ್ಲುವುದಿಲ್ಲ. ತಮ್ಮನ ಲೈಸೆನ್ಸಿನ ಚಿಂತೆಯೂ ಇತ್ತು. ಅವನದು ಬರೀ ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನದ್ದು. ಅದರಲ್ಲಿ ಸರಕು ಗಾಡಿ ಓಡಿಸಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದಿತ್ತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 7,500 ಕೆ.ಜಿ.ವರೆಗಿನ ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು ಎಂದು ತೀರ್ಪು ಕೊಟ್ಟಾಗ ನಾವು ಆ ಗಾಡಿಯನ್ನು ಮಾರಿಯಾಗಿತ್ತು.

ಹೌದು, ಮಾರಿದೆವು. ಮಿತಿಯೊಳಗೆ ಓಡಿಸಿದರೆ ಕೊಯಂಬೇಡಿನ ಬಾಡಿಗೆಯಲ್ಲಿ ಕಂತು ಹುಟ್ಟುತ್ತಿರಲಿಲ್ಲ, ಮಿತಿ ಮೀರಿ ಓಡಿಸಲು ತಮ್ಮನನ್ನು ಕಳಿಸುವ ಧೈರ್ಯ ನನಗಿರಲಿಲ್ಲ. ಬಂದ ಬೆಲೆ ಸಾಲಕ್ಕೆ ಸಾಲಲಿಲ್ಲ. ಹೊಸ ಬೋರ್‌ವೆಲ್ಲಿಗೆಂದು ತೆಗೆದಿಟ್ಟಿದ್ದ ಹಣವನ್ನು ಅದಕ್ಕೆ ಸೇರಿಸಿ ಲೆಕ್ಕ ಚುಕ್ತಾ ಮಾಡಿದೆವು. 2023ರ ಜುಲೈ ಕೊಟ್ಟದ್ದು ಹೆಚ್ಚುಕಡಿಮೆ ಅಷ್ಟಕ್ಕೇ ಹೋಯಿತು.

ಎರಡನೆಯ ಗಾಡಿಯನ್ನು ಆರಿಸಿದವನು ತಮ್ಮ. 1.3 ಟನ್ನಿನ ಹಳೆಯ ಪಿಕಪ್. ಎಂಟು ವರ್ಷ ದಾಟಿದೆ, ಹಾಗಾಗಿ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಪ್ರತಿ ವರ್ಷ ಮಾಡಿಸಬೇಕು. ಕೊಳ್ಳುವ ಮೊದಲು ಅವನು ಅದನ್ನು ನಮ್ಮ ಕೆರೆ ದಾರಿಗೆ ತಂದು ತೋಟದ ಮೂಲೆಯಲ್ಲಿ ತಿರುಗಿಸಿ ನೋಡಿದ. ಬಾಕ್ಸು ಎತ್ತುವ ಹೆಂಗಸರಲ್ಲಿ ಇಬ್ಬರನ್ನು ಕರೆದು ಹಲಗೆಯ ಎತ್ತರ ಆಗುತ್ತದೆಯೇ ಎಂದು ಕೇಳಿದ. ಮಾರುವವನು ಎಂಜಿನ್ನಿನ ಗುಣ ಹೇಳುತ್ತಲೇ ಇದ್ದ, ಇವನು ಕೆಳಗೆ ಮಲಗಿ ಪಟ್ಟಿಗಳನ್ನು ಎಣಿಸುತ್ತಿದ್ದ, ಯಾರಾದರೂ ಹೆಚ್ಚಿನ ಪಟ್ಟಿ ಹಾಕಿಸಿದ್ದರೋ ಎಂದು. ಅರವತ್ತು ಬಾಕ್ಸು, ಇಬ್ಬರು ಜನ, ಟಾರ್ಪಾಲು ಸೇರಿ ಅದರ ಮಿತಿಯೊಳಗೇ ಇದ್ದೇವೆ. ಹಣ್ಣು ಒಡೆಯುವುದು ಬಹುಮಟ್ಟಿಗೆ ನಿಂತಿದೆ.

ನಾನು ಕೈಸುಟ್ಟುಕೊಂಡ ಸುದ್ದಿ ಸುತ್ತಲ ಊರುಗಳಿಗೆ ಗೊತ್ತು. ಹಾಗಾಗಿ ಗಾಡಿ ಕೊಳ್ಳುವವರು ಕೆಲವರು ಕೇಳಲು ಬರುತ್ತಾರೆ. ಈಚೆಗೆ ಮಾಲೂರಿನ ಕಡೆಯ ಒಬ್ಬ ಹುಡುಗ ಬಂದಿದ್ದ. ಎರಡು ಟನ್ನಿನದು ಬೇಡ ಎಂದು ನಾನು ಹೇಳಿಬಿಡುತ್ತೇನೆ ಅನ್ನುವ ಅಳುಕು ಅವನ ಮುಖದಲ್ಲಿತ್ತು. ಏನು ಹೊರುತ್ತೀಯಪ್ಪಾ ಎಂದೆ. ಆಲೂಗೆಡ್ಡೆ, ಐವತ್ತು ಕೆ.ಜಿ. ಮೂಟೆ, ಬೆಂಗಳೂರಿನ ವ್ಯಾಪಾರಿಗಳಿಗೆ. ಒಂದು ಸಲಕ್ಕೆ ಎಷ್ಟು ಮೂಟೆ? ಮೂವತ್ತೈದು, ವರ್ಷಪೂರ್ತಿ. ದಾರಿ? ಗೋದಾಮಿನ ಬಾಗಿಲಿನಿಂದ ಮಂಡಿಯವರೆಗೂ ಟಾರು, ಘಾಟು ಇಲ್ಲ. ಮೂವತ್ತೈದು ಮೂಟೆ ಎಂದರೆ 1,750 ಕೆ.ಜಿ., ಇಬ್ಬರು ಜನ ಸೇರಿದರೆ ಹತ್ತೊಂಬತ್ತು ನೂರರ ಹತ್ತಿರ. ಆಲೂಗೆಡ್ಡೆ ಮೂಟೆ ಕುಲುಕಾಟವನ್ನು ಟೊಮೆಟೊಗಿಂತ ಚೆನ್ನಾಗಿ ತಡೆಯುತ್ತದೆ. ಎರಡು ಟನ್ನಿನದನ್ನೇ ತಗೋ ಎಂದೆ. ಮೂವತ್ತೇಳನೆಯ ಮೂಟೆಗೆ ಜಾಗವಿದ್ದರೂ ಹಾಕಬೇಡ, ಪರ್ಮಿಟ್ಟಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೋ, ಬೆಂಗಳೂರಿನೊಳಗೆ ದಟ್ಟಣೆಯ ಹೊತ್ತಿನಲ್ಲಿ ಸರಕು ಗಾಡಿಗಳಿಗೆ ನಿರ್ಬಂಧವಿದೆ, ಹೊರಡುವ ಹೊತ್ತನ್ನು ಅದಕ್ಕೆ ಹೊಂದಿಸಿಕೋ ಎಂದೂ ಹೇಳಿದೆ. ಯಾವ ಕಂಪನಿಯದು ಎಂದು ಅವನು ಕೇಳಿದ. ನಿಮ್ಮೂರಿನ ಮೆಕ್ಯಾನಿಕ್ಕಿಗೆ ಯಾವುದರ ಕೆಲಸ ಚೆನ್ನಾಗಿ ಗೊತ್ತು ಎಂದು ಕೇಳಿಕೊಂಡು ಬಾ ಅಂದಿದ್ದೇನೆ.